ಬಿಸಿ ಆರದ ಅಂಗಿ

ನನಗೆ ತಲೆ ಕೆಟ್ಟಿದೆ ಎನ್ನುವವರು ಕೊನೆವರೆಗೆ ಕೇಳಿ, ಆಮೇಲೆ ಅನ್ನಿ. ಗಾಬರಿಗೆಂದು ವೈದ್ಯರು ಕೊಟ್ಟ ಮಾತ್ರೆಗೆ ನನ್ನ ಮೈ ಒಗ್ಗಿಹೋಗಿತ್ತು. ಮೊದಲು ಅರ್ಧಕ್ಕೇ ಸುಮ್ಮನಾಗುತ್ತಿದ್ದ ಎದೆಬಡಿತ ಬರಬರುತ್ತಾ ಎರಡಕ್ಕೂ ಬಗ್ಗಲಿಲ್ಲ. ಅದಕ್ಕೇ ಅವರು ಮಾತ್ರೆಯನ್ನು ಸ್ವಲ್ಪಸ್ವಲ್ಪವಾಗಿ ಇಳಿಸತೊಡಗಿದರು.

"ಬಿಡೋವಾಗ ಕೈ ನಡುಗುತ್ತೆ, ಇಲ್ಲದ್ದು ಇದ್ದ ಹಾಗೆ ಅನ್ಸುತ್ತೆ. ಹೆದರ್ಬೇಡಿ" ಎಂದಿದ್ದರು.

ನನ್ನದು ಇಸ್ತ್ರಿ ಅಂಗಡಿ. ಮಾತ್ರೆ ಇಳಿದಂತೆಲ್ಲ, ಇಸ್ತ್ರಿಗೆ ಬಂದ ತಣ್ಣನೆಯ ರಾಶಿಯಲ್ಲಿ ಒಂದು ಬಿಳಿ ಅಂಗಿ ದಿನಾ ಬೆಚ್ಚಗೆ ಕೈಗೆ ಸಿಗತೊಡಗಿತು. ಅದನ್ನು ಕೇಳಿಕೊಂಡು ಯಾರೂ ಬಂದದ್ದಿಲ್ಲ. ಇಸ್ತ್ರಿಯ ಬಿಸಿಯಾದರೆ ನನಗೆ ಗೊತ್ತಾಗದೇ? ಇದು ಕಾಲರಿನಲ್ಲಿ, ಕಂಕುಳಲ್ಲಿ ಮಾತ್ರ ಇರುವ ಬಿಸಿ. ಇದೆಲ್ಲ ಮಾತ್ರೆ ಇಳಿಸಿದ್ದರ ಆಟ ಎಂದು ಹಲ್ಲು ಕಚ್ಚಿಕೊಂಡಿದ್ದೆ. ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

ನಿನ್ನೆ ಮಧ್ಯಾಹ್ನ ಕರೆಂಟ್ ಹೋಗಿ ಇಸ್ತ್ರಿಪೆಟ್ಟಿಗೆ ತಣ್ಣಗೆ ಕೂತಿತ್ತು. ಬಟ್ಟೆ ವಿಂಗಡಿಸುತ್ತಿದ್ದ ನಾದಿನಿ ಆ ಅಂಗಿ ಎತ್ತಿದವಳೇ ಹಾವು ಮುಟ್ಟಿದವಳಂತೆ ಕೈಬಿಟ್ಟಳು.

"ಅತ್ತಿಗೆ, ಈಗಷ್ಟೇ ಇಲ್ಲಿ ಅಂಗಿ ಬಿಚ್ಚಿಟ್ಟು ಹೋದೋರು ಯಾರು?"

"ಯಾರೂ ಬಂದಿಲ್ವಲ್ಲೇ!"

"ಮತ್ತೆ ಬೆವರು ಇನ್ನೂ ಆರೇ ಇಲ್ಲ, ನೋಡಿ" ಎಂದು ಒದ್ದೆ ಬೆರಳು ತೋರಿಸಿದಳು.

ನನ್ನ ನಾದಿನಿ ತಲೆನೋವಿಗೂ ಮಾತ್ರೆ ನುಂಗಿದವಳಲ್ಲ.