ಹಸಿವಿಲ್ಲದ ಮೀನು

"ಸ್ಕೂಲು ಬಿಟ್ಟವನ ಮಾತು ಕೇಳಿದ್ದೇ ನನ್ನ ತಪ್ಪು. ಗಾಳದ ಕೋಲು ಎತ್ತು ಅಂದ, ಎತ್ತಿದೆ. ಮೀನು ಹೋಯ್ತು."

ಇಷ್ಬೆಲ್ ಹೀಗೆಂದದ್ದು ಹೊಳೆದಂಡೆಯ ಗುಡಿಸಲಿನಲ್ಲಿ, ಹೊಳೆಯ ಉಸ್ತುವಾರಿಯ ಅಪ್ಪ ಟೊರ್ಕಿಲ್‌ನ ಎದುರು, ಎಡಿನ್‌ಬರೋದಿಂದ ಗಾಳ ಹಾಕಲು ಬಂದಿದ್ದ ನಾಲ್ವರು ಅತಿಥಿಗಳ ಎದುರು. ಹೊಳೆಯ ಕೆಲಸದ ಹುಡುಗ ಮುರ್ಡೋ ಬಾಯಿಗೆ ತಂದಿದ್ದ ಚಹಾ ಅಲ್ಲೇ ನಿಂತಿತು; ಸ್ಕೂಲು ಬಿಟ್ಟವನು ಅವನೇ. ಅವನು ಎತ್ತು ಅಂದಿರಲಿಲ್ಲ. ತುಟಿಯನ್ನೇ ಬಿಚ್ಚಿರಲಿಲ್ಲ.

ಟ್ರೌಟ್ ಮೀನು ಕಚ್ಚಿದರೆ ತಕ್ಷಣ ಕೋಲು ಎತ್ತಬೇಕು. ಸಾಲ್ಮನ್ ಮೀನು ಕಚ್ಚಿದರೆ ಕೈ ಕಟ್ಟಿಹಾಕಿದವರ ಹಾಗೆ ನಿಲ್ಲಬೇಕು, ಅದು ತಿರುಗಿ ದಾರ ತಾನಾಗಿ ಬಿಗಿಯುವ ತನಕ. ಆ ಕಣಿವೆಯ ಮಕ್ಕಳಿಗೂ ಇದು ಗೊತ್ತು. ಬೇಸಿಗೆಯಿಡೀ ಗುಡ್ಡದ ಮೇಲಿನ ಕೆರೆಯಲ್ಲಿ ಟ್ರೌಟ್ ಹಿಡಿದಿದ್ದ ಇಷ್ಬೆಲ್‌ಳ ಕೈಗೆ ಮಾತ್ರ ಮರೆತುಹೋಗಿತ್ತು. ಅತಿಥಿಗಳಿಗೆ ತೋರಿಸಿಕೊಡಲೆಂದು ಬೀಸಿದ ಗಾಳಕ್ಕೆ ವಾರದ ಮೊದಲ ಸಾಲ್ಮನ್ ಕಚ್ಚಿತ್ತು, ಬಿಟ್ಟೂ ಹೋಗಿತ್ತು.

ಅತಿಥಿಯೊಬ್ಬ ನಕ್ಕ. "ಸಮುದ್ರ ಬಿಟ್ಟು ಹೊಳೆಗೆ ಬಂದಮೇಲೆ ಸಾಲ್ಮನ್ ಏನೂ ತಿನ್ನೋದಿಲ್ಲವಂತೆ. ಮತ್ತೆ ಕೊಕ್ಕೆಗೆ ಗರಿ ಸುತ್ತಿ ಮಾಡಿದ ಈ ಹುಸಿ ನೊಣ ಯಾಕಪ್ಪ ಕಚ್ಚುತ್ತೆ, ಪಂಡಿತ?"

"ಸಿಟ್ಟಿಗೆ, ಸಾರ್," ಎಂದ ಮುರ್ಡೋ. "ಸುಮ್ನೆ ಮಲಗಿರೋವಾಗ ಮೂಗಿನ ಮುಂದೆ ಕುಣಿದ್ರೆ ನೀವೂ ಕಚ್ತೀರಿ."

ಟೊರ್ಕಿಲ್ ನಗಲಿಲ್ಲ. "ನಾಳೆಯಿಂದ ಹೊಳೆ ಕಡೆ ಬರಬೇಡ, ಮುರ್ಡೋ. ಕುರಿ ನೋಡ್ಕೋ ಹೋಗು."

ಮುರ್ಡೋ ಇಷ್ಬೆಲ್‌ಳತ್ತ ನೋಡಿದ. ನಿನ್ನೆ ಅವಳು ಇದೇ ಬೆಂಚಿನಲ್ಲಿ ಕೂತು ಕೊಕ್ಕೆಗೆ ಗರಿ ಸುತ್ತುತ್ತ, ದಾರದ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡೇ ಓರೆಗಣ್ಣಲ್ಲಿ ನೋಡಿದ್ದಳು. "ನಿನ್ನ ಹುಬ್ಬಿನ ಬಣ್ಣದ ಗರಿ ಹುಡುಕಿ ಸಾಕಾಯ್ತು ಮಾರಾಯ" ಅಂದಿದ್ದಳು. ಈಗ ಆ ಕಣ್ಣು ನೆಲ ಬಿಟ್ಟು ಏಳಲಿಲ್ಲ.

ಅವನು ಎದ್ದು ಹೊರಬಿದ್ದ. ಅವಳು ಹಿಂದೆಯೇ ಓಡಿಬಂದಳು.

"ಬೈಯೋ. ಎಲ್ಲರಿಗೂ ಬೈತೀಯಲ್ಲ."

"ಯಾಕೆ ಹಾಗಂದೆ?"

"ಶನಿವಾರ ಹೊಳೆಯ ಈ ಮಡುಗಳ ಉಸ್ತುವಾರಿಯನ್ನೆಲ್ಲ ಅಪ್ಪ ನನ್ನ ಕೈಗೆ ಕೊಡೋನಿದ್ದ. ನಂದು ಟ್ರೌಟ್ ಕೈ ಅಂತ ಗೊತ್ತಾದ್ರೆ ಕೊಡ್ತಾನಾ? ಬಾಯಿಗೆ ಬಂದದ್ದು ಅಂದುಬಿಟ್ಟೆ. ನೀನು ತಿರುಗಿಬೀಳ್ತೀಯ, ಜಗಳ ಆಡಿ ಮುಗಿಯುತ್ತೆ ಅಂದ್ಕೊಂಡೆ. ಆ ಅತಿಥಿಗೆ ಉತ್ತರ ಕೊಟ್ಟೆಯಲ್ಲ, ನಂಗ್ಯಾಕೆ ಕೊಡಲಿಲ್ಲ?"

"ಅವನಂದದ್ದು ನಂಗೆ ತಾಗಲಿಲ್ಲ. ನಿನ್ನ ಬಾಯಲ್ಲಿ ಬಂತಲ್ಲ ಇಷ್ಬೆಲ್, ಅದಕ್ಕೆ ನಾಲಿಗೆಯೇ ಏಳಲಿಲ್ಲ."

ಅವಳು ಅವನ ತೋಳು ಹಿಡಿದೆಳೆದುಕೊಂಡು ಬಂದು ಗುಡಿಸಲ ಬಾಗಿಲು ದಬ್ಬಿದಳು.

"ಅಪ್ಪಾ, ಇವನು ಎತ್ತು ಅನ್ನಲಿಲ್ಲ. ನಾನೇ ಎತ್ತಿದ್ದು. ಸುಳ್ಳು ಹೇಳಿದೆ. ಇನ್ನೊಂದು, ಮದುವೆ ಅಂತ ಆದ್ರೆ ನಾನು ಇವನನ್ನೇ."

ನಿಂತಿದ್ದ ಟೊರ್ಕಿಲ್ ಕೂತ. "ಮಡು ನಿನಗಿಲ್ಲ," ಎಂದ.

"ಗೊತ್ತು."

"ಮುರ್ಡೋ, ಬೆಳಿಗ್ಗೆ ಬಾ."

ಮುರ್ಡೋ ಬಾಗಿಲಲ್ಲೇ ನಿಂತಿದ್ದ. ಇಷ್ಬೆಲ್ ಅವನತ್ತ ತಿರುಗಿದಳು. "ಬೇಕು ಅನ್ನು, ಇಲ್ಲ ಬೇಡ ಅನ್ನು. ಇವರೆಲ್ಲರ ಎದುರೇ ಅನ್ನು."

ಮೂರು ವರ್ಷದಿಂದ ಅವನು ಕಾದದ್ದು ಇದೇ ಮಾತಿಗೆ. ಅದು ಬಂದದ್ದು ಇಂಥ ದಿನ. ಬಂದದ್ದು ಸಿಟ್ಟೋ ಸಂತೋಷವೋ ಅವನಿಗೇ ತಿಳಿಯದು. ಅವಳ ಕೆನ್ನೆಗಂಟಿದ್ದ ಒದ್ದೆ ಕೂದಲೊಂದನ್ನು ಬೆರಳಿನಿಂದ ಕಿವಿಯ ಹಿಂದಕ್ಕೆ ಸರಿಸಿದ. ಬೆರಳು ಒಂದು ಗಳಿಗೆ ಅಲ್ಲೇ ನಿಂತಿತು.

ಆಮೇಲೆ ಬೇಕೂ ಅನ್ನದೆ, ಬೇಡವೂ ಅನ್ನದೆ ಹೊಳೆ ದಾಟುವ ಸೇತುವೆಯ ಕಡೆ ನಡೆದುಬಿಟ್ಟ.