ಬಾಜೂ ಮನೆಯ ಹೆಪ್ಪು

“ಬಿಡಬ್ಯಾಡೋ ಪ್ರತೀಕ! ಬಿಟ್ಟಿ ಅಂದ್ರ ನೋಡು ಮತ್ತ!”

“ಬಿಟ್ಟಿಲ್ಲ ನಮ್ಮವ್ವ! ನೀ ಪೆಡಲ್ ತುಳಿ. ಕೆಳಗ ನೋಡಬ್ಯಾಡ, ಮುಂದ ನೋಡು!”

ಕಾಂಚನ ಮುಂದೆ ನೋಡಿದಳು. ಕಾಲನಿಯ ರಸ್ತೆ ಎರಡೂ ಕಡೆ ಗಿಡಗಳನ್ನು ನಿಲ್ಲಿಸಿಕೊಂಡು ನೆಟ್ಟಗೆ ಮಲಗಿತ್ತು. ಸೈಕಲ್ಲು ಅತ್ತ ವಾಲಿತು, ಇತ್ತ ವಾಲಿತು. ಆಮೇಲೆ ತನಗೇ ಬುದ್ಧಿ ಬಂದ ಹಾಗೆ ಸರಿಯಾಗಿ ಓಡತೊಡಗಿತು.

“ಪ್ರತೀಕ, ಹಿಡಕೊಂಡೀ ಹೌದಿಲ್ಲೋ?”

ಅವಳು ತಿರುಗಿ ನೋಡಿದಳು. ಪ್ರತೀಕ ಎಷ್ಟೋ ಹಿಂದೆ, ನೀರಿನ ಟಾಕಿಯ ಹತ್ತಿರ, ಸೊಂಟದ ಮೇಲೆ ಕೈಯಿಟ್ಟುಕೊಂಡು ನಗುತ್ತ ನಿಂತಿದ್ದ!

“ಅಯ್ಯಯ್ಯೋ!” ಎಂದು ಚೀರಿದಳು ಕಾಂಚನ. ಆದರೆ ಬೀಳಲಿಲ್ಲ. ಚೀರುತ್ತಲೇ ರಸ್ತೆಯ ಕೊನೆಯವರೆಗೆ ಹೋಗಿ, ಕಾಲೂರಿ ಸೈಕಲ್ಲು ತಿರುಗಿಸಿಕೊಂಡು, ಚೀರುತ್ತಲೇ ವಾಪಸು ಬಂದಳು.

“ಆತು, ಕಲತಿ. ಇನ್ನ ನಾ ಹೊಂಟೆ. ನಮ್ಮ ಕಿಲ್ಲಾಕ್ಕ ಮಣ್ಣು ತರಬೇಕು,” ಎಂದು ಪ್ರತೀಕ ಓಡಿಹೋದ. ದೀಪಾವಳಿ ರಜೆಯಲ್ಲವೇ? ಕಾಲನಿಯ ಮಕ್ಕಳೆಲ್ಲ ಸೇರಿ ಓಣಿಯ ತುದಿಯಲ್ಲಿ ಮಣ್ಣಿನ ಕೋಟೆ ಕಟ್ಟುತ್ತಿದ್ದರು.

ಕಾಂಚನ ಮತ್ತೊಂದು ಸುತ್ತು ಹೊಡೆದಳು. ಇನ್ನೊಂದು ಹೊಡೆದಳು. ಸಾಂಗಲಿಯ ಪೇಠಿನಲ್ಲಿ ಅವಳ ಮನೆ ಮಸಾಲೆ ಅಂಗಡಿಯ ಮೇಲಿನ ಮಾಳಿಗೆ. ಅಲ್ಲಿನ ಗಲ್ಲಿಯಲ್ಲಿ ಒಂದು ಹಾತಗಾಡಿ ಬಂದರೆ ಜನ ಗೋಡೆಗೆ ಅಂಟಿ ನಿಲ್ಲಬೇಕು. ಸೈಕಲ್ಲು ಮಾಳಿಗೆ ಹತ್ತುವ ಜಿನೆಯ ಕೆಳಗೆ ಅರಿಸಿನದ ಚೀಲಗಳ ಸಂದಿಯಲ್ಲಿ ನಿಂತು ನಿಂತು ಹಳದಿಯಾಗಿತ್ತು. ಇಲ್ಲಿ ಮಾತ್ರ ಅದು ಸೈಕಲ್ಲಿನ ಹಾಗೆ ಓಡುತ್ತಿತ್ತು.

ಈ ಮನೆ ಪಪ್ಪಾನ ಗೆಳೆಯನದು. ಮಿರಜಿಗೆ ಹೋಗುವ ರಸ್ತೆಯ ಒಳಗೆ, ಹೊಸ ಕಾಲನಿಯಲ್ಲಿ. ಗೆಳೆಯ ಅದನ್ನು ಮಾರಬೇಕೆಂದಿದ್ದ. “ರಜಾ ಮುಗಿಯೂ ತನಕ ಇದ್ದ ನೋಡ್ರಿ. ಸೇರಿದ್ರ ಆಮ್ಯಾಲ ಮಾತಾಡೂಣು,” ಎಂದಿದ್ದ.

ಪಪ್ಪಾನಿಗೆ ಮೊದಲ ದಿನವೇ ಸೇರಿತ್ತು. ಬೆರಳು ಮಡಿಚುತ್ತ ಅಜ್ಜಿಗೆ ಹೇಳಿದ್ದ: “ನೋಡವ್ವ, ನಳಕ್ಕ ದಿನಾ ನೀರು ಬರ್ತದ. ಗಟಾರ ಮುಚ್ಚಿ ಐತಿ. ಸಾಲಿ ಬಸ್ಸು ಬಾಗಿಲಿಗೆ ಬರ್ತದ. ಹೊಳಿ ಎಷ್ಟ ಏರಿದ್ರೂ ಇಲ್ಲಿಗೆ ಮುಟ್ಟೂದಿಲ್ಲ. ಮಳಿಗಾಲ ಬಂತಂದ್ರ ಚೀಲ ಹೊತಗೊಂಡು ಮಾಳಿಗಿ ಹತ್ತೂದು ತಪ್ತದ. ಇನ್ನೇನು ಬೇಕು?”

“ಅವೆಲ್ಲಾ ಮನೀ ಮಾತಾದೂ. ಬಾಜೂದವರು ಹೆಂಗದಾರ, ಅದನ್ನ ಹೇಳು,” ಎಂದಿದ್ದಳು ಸರುಬಾಯಿ ಅಜ್ಜಿ.

“ಅದನ್ನ ಹೆಂಗ ನೋಡೂದವ್ವ?”

“ಅದನ್ನ ನಾ ನೋಡ್ತೀನಿ.”

ಅಜ್ಜಿ ಹೂಂ ಅನ್ನದೆ ಆ ಮನೆಯಲ್ಲಿ ಏನೂ ಆಗುತ್ತಿರಲಿಲ್ಲ. ಪೇಠಿನಿಂದ ಹೊರಡುವಾಗ ಎಲ್ಲ ಸಾಮಾನು ಟೆಂಪೋಕ್ಕೆ ಹಾಕಿದರೂ ತನ್ನ ಬೀಸುವ ಕಲ್ಲನ್ನು ಮುಟ್ಟಗೊಡಲಿಲ್ಲ. “ಅದು ಇಲ್ಲೇ ಇರ್ಲಿ. ನನ್ನ ಮನಸ್ಸು ನಿಂತ ಮ್ಯಾಲ ಅದು ಬರ್ತದ,” ಎಂದಿದ್ದಳು.

ಇವತ್ತು ಮಧ್ಯಾಹ್ನ ಅಜ್ಜಿ ಕಾಂಚನಳ ಕೈಗೆ ಸಣ್ಣ ಸ್ಟೀಲ್ ಬಟ್ಟಲು ಕೊಟ್ಟಿದ್ದಳು. “ಬಾಜೂ ಮನೀ ಸೋನಾಬಾಯಿ ಕಡೆ ಹೋಗಿ ಒಂದ ಚಮಚೆ ಹೆಪ್ಪು ಇಸಕೊಂಡ ಬಾ. ಹೊತ್ತ ಇರತಾನ ಹೋಗು.”

“ಹೆಪ್ಪು ಯಾಕಜ್ಜಿ? ಡೇರಿ ಒಳಗ ಮೊಸರು ಸಿಗ್ತದಲ್ಲ?”

“ಡೇರಿಯವ ರೊಕ್ಕಕ್ಕ ಕೊಡ್ತಾನ. ನನಗ ಬ್ಯಾರೆ ನೋಡೂದೈತಿ.”

ಕಾಂಚನಳಿಗೆ ತಿಳಿಯಿತು. ಇದು ಪರೀಕ್ಷೆ! ಹೆಪ್ಪು ಕೊಟ್ಟರೆ ಕಾಲನಿ ಪಾಸು. ಕೊಡದಿದ್ದರೆ ನಾಪಾಸು.

ಆದರೆ ಅಷ್ಟರಲ್ಲಿ ಪ್ರತೀಕ “ಸೈಕಲ್ ಕಲೀತೀಯೇನು?” ಎಂದು ಕರೆದಿದ್ದ. ಬಟ್ಟಲು ಕಂಪೌಂಡಿನ ಮೇಲೆ ಕುಳಿತಿತ್ತು. ಕಾಂಚನ ಸೈಕಲ್ಲಿನ ಮೇಲೆ ಕುಳಿತಿದ್ದಳು.

ಬಟ್ಟಲು ನೆನಪಾದಾಗ ಬೀದಿದೀಪ ಹೊತ್ತಿದ್ದವು. ಸೈಕಲ್ಲು ಎಸೆದು ಕಾಂಚನ ಓಡಿದಳು. ಎರಡು ಮನೆಗಳ ಅಡಿಗೆಮನೆಯ ಬಾಗಿಲು ಹಿತ್ತಲಲ್ಲಿ ಎದುರುಬದುರು. ಅದೇ ಹತ್ತಿರದ ದಾರಿ. ಸೋನಾಬಾಯಿ ಒಳಗೇ ನಿಂತಿದ್ದರು. ತಲೆಯ ಮೇಲೆ ಸೆರಗು, ಒಂದು ಕೈಯಲ್ಲಿ ಎಣ್ಣೆಯ ಬತ್ತಿ, ಇನ್ನೊಂದರಲ್ಲಿ ಕಡ್ಡಿಪೆಟ್ಟಿಗೆ. ಹಿಂದಿನ ಕಟ್ಟೆಯ ಮೇಲೆ ದೊಡ್ಡ ಪಾತ್ರೆ ತುಂಬ ಮೊಸರು ಕೆನೆಗಟ್ಟಿ ಕುಳಿತಿತ್ತು.

“ಮಾವಶಿ, ಸ್ವಲ್ಪ ಹೆಪ್ಪು ಕೊಡ್ರಿ. ಅಜ್ಜಿ ಕಳಿಸ್ಯಾಳ.”

ಸೋನಾಬಾಯಿ ಬಟ್ಟಲು ನೋಡಿದರು, ಆಕಾಶ ನೋಡಿದರು. “ಆತ್ತಾ ನಾಹೀ ಗ ಬಾಳ. ಈಗ ಕೊಡೂದಿಲ್ಲ,” ಎಂದವರೇ ಫಟ್ಟನೆ ಬಾಗಿಲು ಮುಚ್ಚಿದರು. ಒಳಗಿನಿಂದ ಚಿಲಕ ಬಿದ್ದ ಸದ್ದೂ ಕೇಳಿತು.

ಕಾಂಚನ ಖಾಲಿ ಬಟ್ಟಲು ಹಿಡಿದುಕೊಂಡು ಮುಚ್ಚಿದ ಬಾಗಿಲನ್ನೇ ನೋಡುತ್ತ ನಿಂತಳು. ಅವಳ ಕಿವಿ ಬಿಸಿಯಾಯಿತು. ಅಷ್ಟು ಮೊಸರಿದೆ, ಒಂದು ಚಮಚ ಕೊಡಲಿಕ್ಕಾಗದೇ? ಎಂಥ ಜಿಪುಣಿ ಮಾವಶಿ!

ಅಜ್ಜಿಗೆ ಇದನ್ನು ಹೇಳಿದರೆ ಮುಗಿಯಿತು. ನಾಳೆಯೇ ಟೆಂಪೋ ಬರುತ್ತದೆ. ಸೈಕಲ್ಲು ಮತ್ತೆ ಜಿನೆಯ ಕೆಳಗೆ ಹೋಗುತ್ತದೆ.

ಮಾಮಾ ಕೊಟ್ಟಿದ್ದ ಹಬ್ಬದ ರೊಕ್ಕ ಜೇಬಿನಲ್ಲೇ ಇತ್ತು. ಕಾಂಚನ ಮೂಲೆಯ ಡೇರಿಗೆ ಓಡಿದಳು. ಮೊಸರಿನ ಕಪ್ಪು ಕೊಂಡು ಬಟ್ಟಲಿಗೆ ಸುರಿದಳು. ಖಾಲಿ ಕಪ್ಪನ್ನು ಸೈಕಲ್ಲಿನ ಬುಟ್ಟಿಯಲ್ಲಿ ಮುಚ್ಚಿಟ್ಟಳು.

ಮನೆಯಲ್ಲಿ ಅಜ್ಜಿ ದೇವರ ಮುಂದೆ ದೀಪ ಹಚ್ಚಿ ಆಗಲೇ ಎದ್ದಿದ್ದಳು. ಬಟ್ಟಲು ನೋಡಿ ಕೇಳಿದಳು: “ಯಾರು ಕೊಟ್ರು?”

“ಸೋನಾ ಮಾವಶಿ.”

“ಈಗ ಕೊಟ್ಟಳಾ? ದೀಪ ಹಚ್ಚಿದ ಮ್ಯಾಲ?”

“ಹೂಂ, ಈಗೇ! ಕೇಳಿದ ಕೂಡ್ಲೇ ಕೊಟ್ರು. ಒಳಗ ಬಾ ಅಂದ್ರು. ಲಾಡು ತಿಂತೀಯೇನು ಅಂದ್ರು. ಭಾಳ ಚಲೋ ಇದ್ದಾರಜ್ಜಿ!”

ಸುಳ್ಳು ಒಂದು ಹೊರಬಂದರೆ ಉಳಿದವು ತಾವೇ ಹಿಂದೆ ಬಂದುಬಿಡುತ್ತವೆ ಎಂದು ಕಾಂಚನಳಿಗೆ ಆಶ್ಚರ್ಯವಾಯಿತು. ಅಜ್ಜಿ ಮಾತ್ರ ನಗಲಿಲ್ಲ. “ಹೂಂ,” ಎಂದು ಬಟ್ಟಲನ್ನು ಮೂಲೆಗೆ ಸರಿಸಿದಳು. ಹಾಲಿಗೆ ಹೆಪ್ಪು ಹಾಕಲೇ ಇಲ್ಲ.

ಊಟಕ್ಕೆ ಕುಳಿತಾಗ ಅಜ್ಜಿ ಪಪ್ಪಾನ ಕಡೆ ತಿರುಗಿ ಬಾಯಿ ಬಿಟ್ಟಳು. “ಓಂ, ರಜಾ ಮುಗಿದ ಕೂಡ್ಲೇ ಪೇಠಿಗೆ ಹೋಗೂಣು. ಈ ಮನಿ ಬ್ಯಾಡ.”

ಪಪ್ಪಾನ ಕೈ ತಾಟಿನಲ್ಲೇ ನಿಂತಿತು. “ಯಾಕವ್ವ? ಏನಾತು?”

“ಬಾಜೂದವರು ಸರಿ ಇಲ್ಲ.”

“ಅವ್ವ, ಪಾಪ, ಕೇಳಿದ ಕೂಡ್ಲೇ ಹೆಪ್ಪು ಕೊಟ್ಟಾರಂತ ಕಾಂಚಿ ಹೇಳಿದ್ಳಲ್ಲ!”

“ಅದನ್ನೇ ಅನ್ನಾಕತ್ತೀನಿ ನಾನೂ! ಹಬ್ಬದ ದಿನ, ದೀಪ ಹಚ್ಚಿದ ಮ್ಯಾಲ, ಯಾರರೆ ಮೊಸರು ಹೊಸ್ತಿಲಾ ದಾಟಸ್ತಾರೇನು? ಲಕ್ಷ್ಮೀನ ಬಟ್ಟಲದಾಗ ಹಾಕಿ ಕಳಿಸಿಧಂಗ ಅದು. ಪೇಠಿನ್ಯಾಗ ನಮ್ಮ ಬಾಜೂ ಮನೀ ನಾಗವ್ವ ಕೊಡ್ತಿದ್ಳಾ? ಜೀವ ಹೋದ್ರೂ ಕೊಡ್ತಿದ್ದಿಲ್ಲ. ರೀತಿ ರಿವಾಜು ಗೊತ್ತಿಲ್ಲದ ಮಂದಿ ನಡಕ ನಾ ಹೆಂಗಿರ್ಲಿ?”

ಕಾಂಚನಳ ಬಾಯಿಯಲ್ಲಿದ್ದ ರೊಟ್ಟಿ ಅಲ್ಲೇ ನಿಂತುಬಿಟ್ಟಿತು.

ಸಂಜೆ ಯಾರಾದರೂ ಉಪ್ಪು ಕೇಳಲು ಬಂದರೆ ಅಜ್ಜಿ ಕೊಡುತ್ತಿರಲಿಲ್ಲ, ನಿಜ. ಸೂಜಿಯನ್ನೂ ಕೊಡುತ್ತಿರಲಿಲ್ಲ. ಆದರೆ ಅದೆಲ್ಲ ಅಜ್ಜಿಯದೊಂದೇ ಹಟ ಎಂದು ಕಾಂಚನ ತಿಳಿದಿದ್ದಳು. ಬೇರೆಯವರ ಮನೆಯಲ್ಲೂ ಹಾಗೇ ಇರಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ. ಸೋನಾಬಾಯಿಯ ಕೈಯಲ್ಲಿದ್ದ ಎಣ್ಣೆಯ ಬತ್ತಿ ಕಣ್ಣ ಮುಂದೆ ಬಂತು. ಅವರು ಆಕಾಶ ನೋಡಿದ್ದೂ ನೆನಪಾಯಿತು.

ಅಂದರೆ ಮಾವಶಿ ಪರೀಕ್ಷೆಯಲ್ಲಿ ಪಾಸಾಗಿದ್ದರು. ಅವರನ್ನು ನಾಪಾಸು ಮಾಡಿದ್ದು ಕಾಂಚನ.

ಸುಮ್ಮನಿದ್ದರೆ ಕಾಲನಿ ಹೋಯಿತು. ಬಾಯಿಬಿಟ್ಟರೆ ಸುಳ್ಳಿ ಅನಿಸಿಕೊಳ್ಳಬೇಕು. ಅವಳು ನೀರು ಕುಡಿದಳು. ಇನ್ನೊಮ್ಮೆ ಕುಡಿದಳು. ನೀರು ಕುಡಿದು ಎಷ್ಟು ಹೊತ್ತು ತಳ್ಳುವುದಕ್ಕಾಗುತ್ತದೆ?

“ಅಜ್ಜಿ, ಮಾವಶಿ ಕೊಡ್ಲೇ ಇಲ್ಲ.”

“ಏನು?”

“ಹೆಪ್ಪು ಕೊಡ್ಲಿಲ್ಲ. ಅದು ಡೇರಿದು. ನಾನೇ ತಂದೆ. ಕಪ್ಪು ಸೈಕಲ್ ಬುಟ್ಟ್ಯಾಗ ಐತಿ, ಬೇಕಾದ್ರ ನೋಡು.”

ಮಮ್ಮಿ ದೀಪಾಲಿ ಹಣೆ ಬಡಿದುಕೊಂಡಳು. ಅಜ್ಜಿ ಕಣ್ಣು ಸಣ್ಣ ಮಾಡಿದಳು. “ಮತ್ತ ಒಳಗ ಕರದ್ಲು ಅಂದೀ?”

“ಸುಳ್ಳು.”

“ಲಾಡು?”

“ಲಾಡೂನೂ ಸುಳ್ಳು. ಈಗ ಕೊಡೂದಿಲ್ಲ ಅಂದು ಬಾಗಿಲಾ ಹಾಕ್ಕೊಂಡ್ರು.”

“ಯಾವ ಬಾಗಿಲಾ?”

“ಹಿತ್ತಲದ್ದು. ಫಟ್ ಅಂತ ಹಾಕಿ ಚಿಲಕಾ ಹಾಕ್ಕೊಂಡ್ರು.”

ಅಜ್ಜಿಯ ಮುಖ ನಿಧಾನಕ್ಕೆ ಅರಳಿತು. “ದೀಪ ಹಚ್ಚೂವಾಗ ಹಿಂದಿನ ಬಾಗಿಲಾ ಮುಚ್ಚಿದ್ಳು? ನೋಡೋ ಓಂ! ಮುಂದಿಂದ ಬಂದ ಲಕ್ಷ್ಮಿ ಹಿಂದಿಂದ ಹೋಗಬಾರದಂತ ಮುಚ್ಚ್ಯಾಳ! ಭಲೇ ಸೋನಾಬಾಯಿ!”

ಪೇಠಿನ ಮಾಳಿಗೆ ಮನೆಗೆ ಹಿಂದಿನ ಬಾಗಿಲೇ ಇರಲಿಲ್ಲ. ಕಾಂಚನಳಿಗೆ ಇದು ಗೊತ್ತಾಗುವುದಾದರೂ ಹೇಗೆ?

ಪಪ್ಪಾ ನಗು ತಡೆಯಲಾಗದೆ ಕೆಮ್ಮಿದ. ಅಜ್ಜಿ ಲಾಡಿನ ಡಬ್ಬಿ ತೆಗೆದು ಎಲ್ಲರಿಗೂ ಹಂಚಿದಳು. ಕಾಂಚನಳ ತಾಟಿನ ಹತ್ತಿರ ಬಂದಾಗ ಡಬ್ಬಿಯ ಮುಚ್ಚಳ ಟಪ್ಪೆಂದು ಬಿತ್ತು.

“ನೀ ಆಗಲೇ ಮಾವಶಿ ಮನ್ಯಾಗ ತಿಂದೀಯಲ್ಲ!”

ಮರುದಿನ ಬೆಳಿಗ್ಗೆ ಚಹಾ ಇನ್ನೂ ಒಲೆಯ ಮೇಲಿತ್ತು. ಮುಂಬಾಗಿಲಲ್ಲಿ ದನಿ ಕೇಳಿತು. “ಇದ್ದೀರೇನ್ರಿ ಮನ್ಯಾಗ?”

ಸೋನಾಬಾಯಿ! ಕೈಯಲ್ಲಿ ಚಮಚವಲ್ಲ, ಒಂದು ತಂಬಿಗೆ ತುಂಬ ಮೊಸರು.

“ಬರ್ರಿ, ಬರ್ರಿ, ಕುಂದ್ರಿ,” ಎಂದು ಅಜ್ಜಿ ಚಾಪೆ ಹಾಸಿದಳು.

“ತಪ್ಪ ತಿಳಕೋಬ್ಯಾಡ್ರಿ ಅಕ್ಕಾರ. ಕೂಸು ದೀಪದ ಹೊತ್ತಿನ್ಯಾಗ ಬಂತು. ಹೆಂಗ ಕೊಡ್ಲಿ? ಬಾಗಿಲಾ ಹಾಕ್ಕೊಂಡೆ ಖರೆ, ಅದರ ಮಾರಿ ಕಣ್ಣ ಮುಂದಿಂದ ಹೋಗ್ಲೇ ಇಲ್ಲ ನೋಡ್ರಿ. ಸಣ್ಣ ಮಾರಿ ಮಾಡಿ ನಿಂತಿತ್ತು.”

“ಕೊಟ್ಟಿದ್ರ ನಾ ಇವತ್ತ ಗಂಟು ಕಟ್ಟತಿದ್ದೆ!” ಎಂದಳು ಅಜ್ಜಿ. ಇಬ್ಬರೂ ನಕ್ಕರು. ಸೋನಾಬಾಯಿಯ ತವರು ಲಿಂಗನೂರು, ಅವರಪ್ಪ ಕುರಿ ಸಾಕುತ್ತಿದ್ದವರು. ಲಿಂಗನೂರಿನವರು ಸಂತೆಗೆ ಬಂದರೆ ಮೆಣಸಿನಕಾಯಿ, ಅರಿಸಿನ ಒಯ್ಯುತ್ತಿದ್ದುದು ಅಜ್ಜಿಯ ಅಂಗಡಿಯಿಂದಲೇ. ಮಾತು ಅಲ್ಲಿಗೆ ಹೋಯಿತು, ಚಹಾ ಮತ್ತೊಮ್ಮೆ ಆಯಿತು.

ತಂಬಿಗೆಯನ್ನು ಅಜ್ಜಿ ಖಾಲಿ ಕಳಿಸಲಿಲ್ಲ. ತೊಳೆದು, ತುಂಬ ಖಾರದ ಚುರುಮುರಿ ಭಡಂಗ ಹಾಕಿ, ಮೇಲೆ ಬೆಳ್ಳುಳ್ಳಿಯ ಹುರಿದ ಎಸಳು ಉದುರಿಸಿ ಕೊಟ್ಟಳು.

ಪಪ್ಪಾ ಅಂಗಡಿಗೆ ಹೊರಟು ಸ್ಕೂಟರಿಗೆ ಕಿಕ್ಕು ಹೊಡೆಯುತ್ತಿದ್ದ. ಅಜ್ಜಿ ಕಿಟಕಿಯಿಂದಲೇ ಕೂಗಿದಳು.

“ಓಂ! ಸಂಜೀಕ ಬರೂವಾಗ ನನ್ನ ಬೀಸೂ ಕಲ್ಲು ತಗೊಂಡ ಬಾ.”

“ಸ್ಕೂಟರ್ ಮ್ಯಾಲ ಹೆಂಗ ಬರ್ತದವ್ವ ಅದು?”

“ಹಮಾಲ ಆದಪ್ಪನ್ನ ಕರಿ. ಟೆಂಪೋ ತರ್ಲಿ. ಎಲ್ಲಾ ನಾನೇ ಹೇಳಬೇಕೇನು?”

ಪಪ್ಪಾ ಮಮ್ಮಿಯ ಕಡೆ ನೋಡಿದ. ಮಮ್ಮಿ ಕಾಂಚನಳ ಕಡೆ ನೋಡಿದಳು. ಕಾಂಚನ ಓಡಿಹೋಗಿ ಸೈಕಲ್ಲಿನ ಗಂಟೆಯನ್ನು ಟ್ರಿಣ್ ಟ್ರಿಣ್ ಟ್ರಿಣ್ ಬಾರಿಸಿದಳು.

ಸಂಜೆ ಅಜ್ಜಿ ದೇವರ ಮುಂದೆ ಕುಳಿತಿದ್ದಳು. ಹಿತ್ತಲ ಬಾಗಿಲು ಮುಚ್ಚಲು ಕಾಂಚನ ಬಂದಳು. ಹೊರಗೆ ಪ್ರತೀಕ ನಿಂತಿದ್ದ. ಮೊಣಕೈಯವರೆಗೆ ಮಣ್ಣು, ಕೈಯಲ್ಲೊಂದು ಕೇಸರಿ ಬಟ್ಟೆಯ ತುಂಡು.

“ಕಾಂಚನ, ಲಗೂನ ಒಂದ ಸೂಜಿ ದಾರ ಕೊಡು. ಕಿಲ್ಲಾದ ಝೆಂಡಾ ಹರಿದೈತಿ.”

“ಈಗ ಕೊಡೂದಿಲ್ಲ,” ಎಂದಳು ಕಾಂಚನ.

“ಒಂದ ಸೂಜಿ ಕೊಡಾಕ ಏನಾಗ್ತದ?” ಎಂದ ಪ್ರತೀಕ. ಅವನ ಮುಖ ಸಣ್ಣದಾಯಿತು. ಕೆಳದುಟಿ ಸ್ವಲ್ಪ ಮುಂದೆ ಬಂತು.

ಕಾಂಚನಳ ಕೈ ಚಿಲಕದ ಮೇಲೆಯೇ ನಿಂತಿತು. ಓ, ನಿನ್ನೆ ತಾನು ಹೀಗೆ ಕಾಣುತ್ತಿದ್ದಳು!

ಒಳಗಿಂದ ಅಜ್ಜಿ ಕಡ್ಡಿ ಗೀರಿದ ಸದ್ದು ಬಂತು. ಕಾಂಚನ ಬಾಗಿಲು ಮುಚ್ಚಿ ಚಿಲಕ ಹಾಕಿದಳು. ಆಮೇಲೆ ಅಡಿಗೆಮನೆ ದಾಟಿ, ಈಗಷ್ಟೇ ಹೊತ್ತಿದ ದೀಪದ ಪಕ್ಕದಿಂದ ಮೆಲ್ಲಗೆ ಸರಿದು, ತೆರೆದ ಮುಂಬಾಗಿಲಿನಿಂದ ಹೊರಗೆ ಹಾರಿ, ಮನೆಯನ್ನು ಸುತ್ತುಹಾಕಿ ಹಿತ್ತಲಿಗೆ ಓಡಿದಳು. ಪ್ರತೀಕ ಇನ್ನೂ ಮುಚ್ಚಿದ ಬಾಗಿಲನ್ನೇ ನೋಡುತ್ತ ನಿಂತಿದ್ದ.

“ಸೂಜಿ ಮುಂಜಾನೆ ಕೊಡ್ತೀನಿ. ಝೆಂಡಾ ನಾನೇ ಹೊಲೀತೀನಿ,” ಎಂದಳು ಏದುಸಿರು ಬಿಡುತ್ತ. “ಈಗ ನಡಿ, ಮಣ್ಣು ತುಳಿಯೂಣು.”

“ನೀನೂ ನಮ್ಮ ಅಜ್ಜಿ ಗತೆನೇ ಆದೀ ನೋಡು,” ಎಂದು ಪ್ರತೀಕ ಗೊಣಗಿದ. ಆದರೆ ನಡೆದ.

ಇಬ್ಬರೂ ಓಣಿಯ ತುದಿಗೆ ಹೊರಟರು. ಕಾಂಚನ ಒಂದೊಂದೇ ಮನೆಯನ್ನು ನೋಡುತ್ತ ನಡೆದಳು. ಉದ್ದಕ್ಕೂ ಮುಂಬಾಗಿಲುಗಳು ತೆರೆದಿದ್ದವು, ಒಂದೊಂದರ ಒಳಗೂ ಒಂದೊಂದು ದೀಪ ಕಾಣುತ್ತಿತ್ತು.