ಪಿಯಾನೋದ ಮೊದಲ ಪಟ್ಟಿ

"ಹೆಸರು ಮಾತ್ರ ಬರೀಬ್ಯಾಡ್ರಿ ಅವ್ವಾರ. ರಿಪೇರಿ ಮಾಡ್ರಿ, ಬಾರಿಸ್ರಿ, ಏನರ ಮಾಡ್ರಿ. ಹೆಸರು ಬ್ಯಾಡ."

ಅಬಿಡ್ಸ್‌ನ ಹಳೇ ಪುಸ್ತಕದಂಗಡಿಗಳ ಹಿಂದಿನ ಗೋದಾಮಿನಲ್ಲಿ, ಪೊರಕೆ ಹಿಡಿದು ನಿಂತ ಬಸಲಿಂಗಮ್ಮ ಹೀಗೆಂದಾಗ ಪೂರ್ವಿಗೆ ನಗು ತಡೆಯಲಾಗಲಿಲ್ಲ. ಯಾದಗಿರಿ ಕಡೆಯಿಂದ ದುಡಿಯಲು ಬಂದು, ಈ ಗೋದಾಮು ಕಾಯುತ್ತಲೇ ತಲೆ ಬೆಳ್ಳಗಾದ ಹೆಂಗಸು ಅವಳು. ಪೂರ್ವಿ ಪುತ್ತೂರಿನವಳು. ವಾರವಿಡೀ ಕಂಪ್ಯೂಟರ್ ಮುಂದೆ ಕೂತು, ಭಾನುವಾರ ಬಂತೆಂದರೆ ರ್‍ಯಾಗ್‌ಟೈಮ್ ಹುಚ್ಚು ಹಿಡಿಸಿಕೊಳ್ಳುವವಳು. ನೂರು ವರ್ಷಕ್ಕೂ ಹಳೆಯದಾದ ಆ ಅಮೆರಿಕದ ಸಂಗೀತದಲ್ಲಿ ಎಡಗೈ ಒಂದೇ ಸಮ ಹೆಜ್ಜೆ ಹಾಕುತ್ತದೆ, ಬಲಗೈ ಬೇಕೆಂದೇ ಹೆಜ್ಜೆ ತಪ್ಪಿಸಿ ಕುಣಿಯುತ್ತದೆ. ಅದರ ಹಳೆಯ ಸ್ವರಪುಸ್ತಕಗಳನ್ನೂ ವಾದ್ಯಗಳನ್ನೂ ಹುಡುಕಿ ಹುಡುಕಿ ತನ್ನ ಜಾಲತಾಣದಲ್ಲಿ ದಾಖಲಿಸುವುದು ಅವಳ ಚಟ. ಹಾಗೆ ಹುಡುಕುವಾಗ ಸಿಕ್ಕಿದ ಪಿಯಾನೋ ಇದು.

ಪಿಯಾನೋ ರಿಪೇರಿಯವರಲ್ಲಿ ಒಂದು ಪದ್ಧತಿಯಿದೆ. ಶ್ರುತಿ ಮಾಡಿ ಮುಗಿಸಿದವರು ಬೆರಳಿನಿಂದ ಒತ್ತುವ ಮರದ ಪಟ್ಟಿಗಳಲ್ಲಿ ಮೊದಲನೆಯದನ್ನು ಹೊರಗೆಳೆದು, ಅದರ ಪಕ್ಕೆಯ ಮೇಲೆ ಪೆನ್ಸಿಲಿನಿಂದ ತಮ್ಮ ಹೆಸರು ಬರೆಯುತ್ತಾರೆ. ನಾಲ್ಕು ಭಾನುವಾರ ಬೆವರು ಸುರಿಸಿ ಇದನ್ನು ಸರಿಪಡಿಸಿದ ಪೂರ್ವಿ ಆ ಸುಖ ಬಿಡುವವಳೇ?

ಪಟ್ಟಿ ಎಳೆದಳು. ಇಲಿ ಹಿಕ್ಕೆಯ ನಾತ, ಅದರ ಹಿಂದೆಯೇ ಸುಟ್ಟ ಕೂದಲಿನ ಕಮಟು. ಒಳಗೆ ಮೊಳೆ ಹೊಡೆದ ತಾಮ್ರದ ತಗಡು, ಅದರ ಮೇಲೆ ಕಪ್ಪಾಗಿ ಹೋದ ಕುಂಕುಮ. ಪಟ್ಟಿಯ ಪಕ್ಕೆಯಲ್ಲಿ ಸೊಟ್ಟ ಅಕ್ಷರದ ಒಂದೇ ಹೆಸರು: ಲಿಂಗಣ್ಣ.

"ನಮ್ಮ ಮನಿಯವ್ರು," ಎಂದಳು ಬಸಲಿಂಗಮ್ಮ. "ಪಾಲಿಶ್ ಮಾಡಾಕ ಬಂದಿದ್ರು. ಬ್ಯಾರೆ ಪಿಯಾನೋದಾಗ ಹೆಸರು ನೋಡಿದ್ರಲ್ಲ, ತಾವೂ ಬರದ್ರು. ಎಡಚರು. ಬಾರಿಸವ ಬಿಟ್ಟು ಓಡಿಹೋದ ಅನ್ನೋ ಸಿಟ್ಟಿಗೆ ಇದರ ಹಳೇ ಮಾಲಕ ಮಾಟ ಮಾಡಿಸಿದ್ನಂತ. ಯಾರು ಹೆಸರು ಬರೀತಾರೋ ಅವರು ಬರದ ಕೈ ಇಲ್ಲೇ ಉಳೀಬೇಕಂತ. ಇವರದು ಮೊದಲ ಎಡಗೈ ಹೋತು, ಇಪ್ಪತ್ತೊಂದನೇ ದಿನ ಉಸುರೂ ಹೋತ್ರಿ."

"ಎಂತದು ಬಸಲಿಂಗಮ್ಮ! ನಾನು ದಿನಕ್ಕೆ ಹತ್ತು ಕಡೆ ಸೈನ್ ಹಾಕ್ತೇನೆ. ಪೆನ್ಸಿಲಿಗೆ ಅಷ್ಟು ಶಕ್ತಿ ಉಂಟಾ?"

ಬರೆದೇಬಿಟ್ಟಳು.

ಎರಡನೆಯ ದಿನ ಕ್ಯಾಂಟೀನಿನಲ್ಲಿ ಬಲಗೈ ಬೆರಳುಗಳು ತಾವಾಗಿ ಮೇಜು ಬಡಿದವು. ಹೆಜ್ಜೆ ತಪ್ಪಿಸಿ, ತಪ್ಪಿಸಿ. ವಾರ ಕಳೆಯುವಷ್ಟರಲ್ಲಿ ತುತ್ತು ಬಾಯಿಗೆ ಹೋಗದೆ ಅನ್ನ ಚೆಲ್ಲಾಪಿಲ್ಲಿಯಾಯಿತು. ನರದ ಡಾಕ್ಟರು ಮಾತ್ರೆ ಬರೆದರು. ಕೈ ತಣ್ಣಗಾಗುತ್ತ ಬಂತು. ಅಂಗೈ ಮೂಸಿದರೆ ತಾಮ್ರ, ಸುಟ್ಟ ಕೂದಲು. ತಾರ್ನಾಕದ ಬಾಡಿಗೆ ಕೋಣೆಯಲ್ಲಿ ಆ ಕೈಯನ್ನು ದುಪಟ್ಟಾದಿಂದ ಮಂಚಕ್ಕೆ ಕಟ್ಟಿಕೊಂಡು ಅವಳು ಅತ್ತಳು. ಕೈ ಹೋದರೆ ಪಿಯಾನೋ ಹೋಯಿತು, ಪಿಯಾನೋ ಹೋದ ಮೇಲೆ ತನ್ನಲ್ಲೇನು ಉಳಿಯಿತು? ಇಪ್ಪತ್ತನೆಯ ದಿನ ನಡುಮಧ್ಯಾಹ್ನ ಆಟೋ ಹತ್ತಿ ಅಬಿಡ್ಸ್‌ಗೆ ಓಡಿದಳು.

ಬಸಲಿಂಗಮ್ಮ ಬೈಯಲಿಲ್ಲ. ಕಡ್ಡಿಪೆಟ್ಟಿಗೆ ತಂದು ಅವಳ ಎಡಗೈಗಿಟ್ಟಳು.

"ಆ ಪಟ್ಟಿ ಸುಟ್ರ ಬಿಡುಗಡಿ ಐತ್ರಿ. ಅವರನ್ನ ಮಣ್ಣು ಮಾಡಿ ಬಂದ ಮ್ಯಾಲ ನನಗ ಗೊತ್ತಾತು. ಸುಡ್ರಿ, ಲಗೂನ."

"ಮತ್ತೆ ನೀವ್ಯಾಕೆ ಸುಡ್ಲಿಲ್ಲ? ಅವರಿಗಾದ್ರೂ ಬಿಡುಗಡೆ ಆಗ್ತಿತ್ತಲ್ಲ?"

ಮುದುಕಿ ಪಿಯಾನೋದ ಕಡೆ ಕೈ ತೋರಿಸಿದಳು.

ಆಗ ಧೂಳಿನ ಕತ್ತಲೆಯಲ್ಲಿ ಪಟ್ಟಿಯೊಂದು ತಾನಾಗಿ ಕುಸಿಯಿತು. ಧಮ್. ಇನ್ನೊಂದು. ಧಮ್. ಎಡಬದಿ ಮಾತ್ರ. ಒಂದೇ ಸಮ, ಮರಕ್ಕೆ ಉಜ್ಜುಗಾಗದ ತಿಕ್ಕುವವನ ತಾಳ್ಮೆಯ ಹೆಜ್ಜೆ. ಬಸಲಿಂಗಮ್ಮ ಸೆರಗು ಸರಿಮಾಡಿಕೊಂಡಳು.

ಆಮೇಲೆ ಬಲಬದಿ ಎದ್ದಿತು.

ಪೂರ್ವಿ ಕಿವಿಗೊಟ್ಟಳು. ಅದು ಅವಳದೇ ಬೆರಳಿನ ನಡೆ. ಆರು ವರ್ಷದಿಂದ ಅವಳು ಎಡವುತ್ತಿದ್ದ ತಿರುವು ಬಂತು. ಎಡವಲಿಲ್ಲ. ಜಿಗಿಯಿತು. ನಕ್ಕಿತು. ಎಡಗೈ ಕಾಯಿತು, ಬಲಗೈ ತಪ್ಪಿಸಿತು, ಮತ್ತೆ ಕೂಡಿತು. ಇಷ್ಟು ಚೆನ್ನಾಗಿ ಅವಳು ಯಾವತ್ತೂ ನುಡಿಸಿರಲಿಲ್ಲ. ಪಕ್ಕದಲ್ಲಿ ಅವಳ ಬಲಗೈ ಜೋತುಬಿದ್ದಿತ್ತು. ತಣ್ಣಗೆ. ಅಲುಗದೆ.

ಕಡ್ಡಿಪೆಟ್ಟಿಗೆಯನ್ನು ಮಂಡಿಯ ನಡುವೆ ಒತ್ತಿ ಎಡಗೈಯಿಂದ ಗೀರಿದಳು. ಉರಿ ಎದ್ದಿತು. ಪಟ್ಟಿ ಎಳೆಯಬೇಕು. ಈಗಲೇ. ಎಳೆದರೆ ಹಾಡು ನಿಲ್ಲುತ್ತದೆ. ಉರಿ ಬೆರಳಿಗೆ ತಾಗಿತು. ಕಡ್ಡಿ ಕೆಳಗೆ ಬಿತ್ತು.

"ಇದೊಂದು ಸಲ ಕೇಳಿ ಸುಡ್ತೇನೆ," ಎಂದಳು.

ಬಸಲಿಂಗಮ್ಮ ಪೊರಕೆಯನ್ನು ಮೂಲೆಗಿಟ್ಟು ಅವಳ ಪಕ್ಕ ಕೂತಳು.

"ನಾನೂ ಹಂಗ ಅಂದಿದ್ನಿರಿ. ಹನ್ನೊಂದು ವರ್ಷ ಆತು."

ಹಾಡು ಮುಗಿಯಿತು. ಇಬ್ಬರೂ ಏಳಲಿಲ್ಲ. ಮತ್ತೆ ಮೊದಲಿನಿಂದ ಶುರುವಾಯಿತು.